ಕೆಲಸ ಹೋದ ದೀರ್ಘಕಾಯಿಲೆಯವರಿಗೆ ಬೆಂಗಳೂರಿನ ಸರ್ಕಾರಿ ನೆರವು: ಯಾವುದು ಎಷ್ಟರಮಟ್ಟಿಗೆ ಕೈಹಿಡಿಯುತ್ತದೆ

ಡಯಾಲಿಸಿಸ್ ಶುರುವಾಗಿ ಪಾಳಿ ಕೆಲಸಕ್ಕೆ ಹೋಗಲಾಗದವರು, ಕ್ಯಾನ್ಸರ್ ಚಿಕಿತ್ಸೆಯ ನಡುವೆ ಸಂಬಳ ನಿಂತವರು, ಪಾರ್ಶ್ವವಾಯು ಹೊಡೆದು ಗಾರ್ಮೆಂಟ್ಸ್ ಮಷೀನಿನ ಮುಂದೆ ಕೂರಲಾಗದವರು ಈ ಊರಿನಲ್ಲಿ ಬಹಳ ಜನ ಇದ್ದಾರೆ. ಅವರಿಗಾಗಿ ಇರುವ ಸರ್ಕಾರಿ ಸೇವೆಗಳನ್ನು ಒಂದೊಂದಾಗಿ ತೂಗಿ ನೋಡುವುದು ಈ ವಿಮರ್ಶೆಯ ಉದ್ದೇಶ. ಇಎಸ್‌ಐ (ಸಂಬಳದಿಂದ ಕಡಿತವಾಗುವ ನೌಕರರ ರಾಜ್ಯ ವಿಮೆ), ಆರೋಗ್ಯ ಕರ್ನಾಟಕ ಕಾರ್ಡ್, ರೇಷನ್ ಕಾರ್ಡ್, ನಾಡಕಚೇರಿಯ ಪಿಂಚಣಿ, ಕಡಿಮೆ ಬೆಲೆಗೆ ಔಷಧ ಮಾರುವ ಜನೌಷಧಿ ಅಂಗಡಿ, ಎಲ್ಲವೂ ನಿಜವಾಗಿ ಕೆಲಸಕ್ಕೆ ಬರುವಂಥವೇ. ತೊಂದರೆ ಇರುವುದು ಬೇರೆ ಕಡೆ. ಒಂದು ಕಚೇರಿಗೆ ಇನ್ನೊಂದರ ಗೊಡವೆ ಇಲ್ಲ, ಮತ್ತು ಯಾವುದನ್ನು ಮೊದಲು ಮಾಡಬೇಕೆಂದು ಯಾರೂ ಹೇಳುವುದಿಲ್ಲ. ಕ್ರಮ ತಪ್ಪಿದರೆ ಸಿಗಬೇಕಾದ್ದು ಕೈತಪ್ಪುತ್ತದೆ.

ಎಲ್ಲಕ್ಕಿಂತ ದುಬಾರಿ ತಪ್ಪು ರಾಜೀನಾಮೆ. ಮೈ ಕೈಕೊಟ್ಟಿತು, ಕಂಪನಿಯವರೂ ಮುಖ ಗಂಟಿಕ್ಕುತ್ತಿದ್ದಾರೆ ಎಂದು ಒಂದು ಪತ್ರ ಬರೆದುಕೊಟ್ಟು ಬಂದುಬಿಡುತ್ತಾರೆ. ತಿಂಗಳ ಸಂಬಳ 21,000 ರೂಪಾಯಿಯೊಳಗಿದ್ದು ಇಎಸ್‌ಐ ಕಡಿತ ಆಗುತ್ತಿದ್ದರೆ ಆ ಪತ್ರಕ್ಕೆ ಸಹಿ ಹಾಕುವ ಮುಂಚೆ ಇಎಸ್‌ಐ ಡಿಸ್ಪೆನ್ಸರಿಗೆ ಹೋಗಬೇಕು. ಅಂಗವಿಕಲರಿಗೆ ಈ ಮಿತಿ 25,000. ಕಾಯಿಲೆ ಭತ್ಯೆ ಎಂಬುದು ಕೆಲಸದಲ್ಲಿದ್ದು ರಜೆ ಹಾಕಿರುವವರಿಗಾಗಿ ಇರುವ ಹಣ. ಸರಾಸರಿ ದಿನಗೂಲಿಯ ಶೇ. 70ರಂತೆ ವರ್ಷಕ್ಕೆ 91 ದಿನ ಕೊಡುತ್ತಾರೆ. ತಿಂಗಳಿಗೆ 18,000 ಸಂಬಳ ಇದ್ದವರಿಗೆ ದಿನಕ್ಕೆ 600 ಎಂದಿಟ್ಟುಕೊಂಡರೆ 420 ರೂಪಾಯಿ ಬರುತ್ತದೆ. ಮೊದಲ ಎರಡು ದಿನಕ್ಕೆ ದುಡ್ಡಿಲ್ಲ. ಆದರೆ ಹಿಂದಿನ ಕಾಯಿಲೆ ರಜೆ ಮುಗಿದು 15 ದಿನದೊಳಗೆ ಮತ್ತೆ ಮಲಗಿದರೆ ಆ ಎರಡು ದಿನವನ್ನೂ ಸೇರಿಸುತ್ತಾರೆ.

ಇದಕ್ಕೆ ಲೆಕ್ಕ ಹಾಕುವ ರೀತಿ ಬಹಳ ಜನಕ್ಕೆ ಗೊತ್ತಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ ವಂತಿಗೆ, ಅಂದರೆ ಸಂಬಳದಿಂದ ಆದ ಇಎಸ್‌ಐ ಕಡಿತ, ಮುಂದಿನ ಜನವರಿಯಿಂದ ಜೂನ್‌ವರೆಗಿನ ಭತ್ಯೆಗೆ ಆಧಾರ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದು ಜುಲೈಯಿಂದ ಡಿಸೆಂಬರ್‌ಗೆ. ಆ ಆರು ತಿಂಗಳಲ್ಲಿ ಕನಿಷ್ಠ 78 ದಿನದ ವಂತಿಗೆ ಇರಬೇಕು. ಅಂದರೆ ಫೆಬ್ರವರಿಯಲ್ಲಿ ಕಾಯಿಲೆ ಬಿದ್ದವರಿಗೆ ನೋಡುವುದು ಹಿಂದಿನ ಏಪ್ರಿಲ್–ಸೆಪ್ಟೆಂಬರ್ ಹಾಜರಿಯನ್ನೇ ಹೊರತು ಜನವರಿಯದ್ದನ್ನಲ್ಲ. "ಹೋದ ತಿಂಗಳು ಪೂರ್ತಿ ಕೆಲಸ ಮಾಡಿದ್ದೇನಲ್ಲ" ಎಂದು ಕೌಂಟರಿನಲ್ಲಿ ವಾದಿಸಿ ಉಪಯೋಗವಿಲ್ಲ. ಹೊಸ ಕಂಪನಿ ಸೇರುವಾಗ ಹಳೆಯ ಇಎಸ್‌ಐ ನಂಬರ್ ಕೊಡದೆ ಹೊಸದು ಮಾಡಿಸಿಕೊಂಡವರಿಗೆ ಇಲ್ಲೇ ಏಟು ಬೀಳುತ್ತದೆ. ಎರಡು ನಂಬರಿನಲ್ಲಿ ವಂತಿಗೆ ಹಂಚಿಹೋಗಿ ಯಾವುದರಲ್ಲೂ 78 ದಿನ ಸಿಗುವುದಿಲ್ಲ. ಶಾಖಾ ಕಚೇರಿಯಲ್ಲಿ ಎರಡನ್ನೂ ಒಂದು ಮಾಡಿಸಬೇಕು. ಅದು ಕಾಯಿಲೆ ಬಂದ ಮೇಲೆ ಮಾಡುವ ಕೆಲಸವಲ್ಲ, ಇವತ್ತೇ ಮಾಡಬೇಕಾದ್ದು.

ಹೆಚ್ಚು ಬೆಲೆಬಾಳುವುದು ವಿಸ್ತೃತ ಕಾಯಿಲೆ ಭತ್ಯೆ. ಪಟ್ಟಿಯಲ್ಲಿ 34 ಕಾಯಿಲೆಗಳಿವೆ. ಕ್ಯಾನ್ಸರ್, ಕ್ಷಯ, ಪಾರ್ಶ್ವವಾಯು, ಪಾರ್ಕಿನ್ಸನ್, ದೀರ್ಘಕಾಲದ ಮೂತ್ರಪಿಂಡ ವೈಫಲ್ಯ, ಹೃದಯದ ಕವಾಟದ ಕಾಯಿಲೆ, ತೀವ್ರ ಮನೋರೋಗ ಎಲ್ಲ ಇವೆ. ಬರೀ ಸಕ್ಕರೆ ಕಾಯಿಲೆ ಇಲ್ಲ, ಆದರೆ ಅದರಿಂದ ಕಿಡ್ನಿಗೋ ಕಣ್ಣಿನ ಹಿಂಪರದೆಗೋ ಪಾದಕ್ಕೋ ಹಾನಿಯಾಗಿದ್ದರೆ ಸೇರುತ್ತದೆ. ಆದ್ದರಿಂದ ವೈದ್ಯರ ಚೀಟಿಯಲ್ಲಿ "ಡಯಾಬಿಟಿಸ್" ಎಂದಷ್ಟೇ ಬರೆಸಿಕೊಂಡು ಬರಬೇಡಿ, ಯಾವ ಅಂಗಕ್ಕೆ ತೊಂದರೆ ಆಗಿದೆ ಎಂಬುದು ಆ ಚೀಟಿಯಲ್ಲಿ ಇರಲೇಬೇಕು. ಎರಡು ವರ್ಷ ಬಿಡದೆ ಇಎಸ್‌ಐ ವ್ಯಾಪ್ತಿಯ ಕೆಲಸದಲ್ಲಿದ್ದು, ಹಿಂದಿನ ನಾಲ್ಕು ವಂತಿಗೆ ಅವಧಿಯಲ್ಲಿ 156 ದಿನ ಕಟ್ಟಿದ್ದರೆ ಶೇ. 80ರಂತೆ, ಗಂಭೀರ ಪ್ರಕರಣಗಳಲ್ಲಿ ಎರಡು ವರ್ಷದವರೆಗೂ ಸಿಗುತ್ತದೆ. ಮೇಲಿನ ಲೆಕ್ಕದಲ್ಲೇ ದಿನಕ್ಕೆ 480. ದೀರ್ಘಕಾಯಿಲೆಯ ಸಂಸಾರವೊಂದಕ್ಕೆ ಸರ್ಕಾರದ ಬೇರೆ ಯಾವ ಯೋಜನೆಯೂ ಇಷ್ಟು ಹಣ ಕೊಡುವುದಿಲ್ಲ.

ಇದು ತಪ್ಪಿಹೋಗುವುದು ಸರ್ಟಿಫಿಕೇಟಿನ ಕೊಂಡಿ ಕಳಚಿದಾಗ. ಡಿಸ್ಪೆನ್ಸರಿ ವೈದ್ಯರು ಫಾರಂ 7ರಲ್ಲಿ ಮೊದಲ ಸರ್ಟಿಫಿಕೇಟ್ ಕೊಡುತ್ತಾರೆ, ನಂತರ ನಡುವಿನವು, ಕೊನೆಗೆ ಕೆಲಸಕ್ಕೆ ಹೋಗಬಹುದೆಂಬ ಅಂತಿಮ ಸರ್ಟಿಫಿಕೇಟ್. ಹಣ ಕೇಳುವ ಅರ್ಜಿ ಫಾರಂ 9. ಖಾಸಗಿ ಆಸ್ಪತ್ರೆಯಲ್ಲಿ ದಾಖಲಾಗಿದ್ದು, ಮನೆಗೆ ಬಂದು ಎರಡು ವಾರ ಆದ ಮೇಲೆ ಡಿಸ್ಚಾರ್ಜ್ ಸಮ್ಮರಿ ಹಿಡಿದುಕೊಂಡು ಹೋದರೆ ಆ ಹಿಂದಿನ ದಿನಗಳಿಗೆ ಸರ್ಟಿಫಿಕೇಟ್ ಹುಟ್ಟಿಸುವುದು ಕಷ್ಟ. ಮಲಗಿದ ವಾರದೊಳಗೆ ಮನೆಯವರಾದರೂ ಡಿಸ್ಪೆನ್ಸರಿ ಮುಟ್ಟಬೇಕು. ಅಂತಿಮ ಸರ್ಟಿಫಿಕೇಟನ್ನು ಅವಸರಕ್ಕೆ ಬರೆಸಿಕೊಳ್ಳಬಾರದು, ಅದು ಕೈಗೆ ಬಂದ ದಿನ ಭತ್ಯೆ ನಿಂತಿತು. ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ಮಾಲೀಕರು ಕೆಲಸದಿಂದ ತೆಗೆಯಕೂಡದು ಎಂಬ ರಕ್ಷಣೆಯನ್ನು 1948ರ ಇಎಸ್‌ಐ ಕಾಯ್ದೆಯ 73ನೇ ಸೆಕ್ಷನ್ನಿನಲ್ಲೇ ಇಟ್ಟಿದ್ದರು. ತಾವಾಗಿ ರಾಜೀನಾಮೆ ಕೊಟ್ಟವರನ್ನು ಅದು ಕಾಯುವುದಿಲ್ಲ.

ಕೆಲಸ ಹೋಗಿಯೇ ಬಿಟ್ಟಿದ್ದರೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಇದೆ. 2018ರ ಜುಲೈನಲ್ಲಿ ಶುರುವಾದದ್ದು, ಅವಧಿಯನ್ನು ಕಾಲಕಾಲಕ್ಕೆ ವಿಸ್ತರಿಸುತ್ತ ಬಂದಿದ್ದಾರೆ. ಅರ್ಜಿಗೆ ಮೊದಲು ಸದ್ಯದ ಗಡುವನ್ನು ಶಾಖೆಯಲ್ಲಿ ಕೇಳಿಕೊಳ್ಳಿ. ಕೂಲಿಯ ಅರ್ಧದಷ್ಟು, ಹೆಚ್ಚೆಂದರೆ 90 ದಿನ, ಜೀವಮಾನದಲ್ಲಿ ಒಂದೇ ಸಲ. ದಿನಕ್ಕೆ 600ರ ಲೆಕ್ಕದಲ್ಲಿ ಒಟ್ಟು 27,000 ರೂಪಾಯಿ. ಕೆಲಸ ಬಿಟ್ಟ ದಿನಾಂಕವನ್ನು ಕಂಪನಿ ಪೋರ್ಟಲ್‌ನಲ್ಲಿ ನಮೂದಿಸದಿದ್ದರೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ, ಆದ್ದರಿಂದ ಲೆಕ್ಕ ಚುಕ್ತಾ ಮಾಡಿಸಿಕೊಳ್ಳುವ ದಿನವೇ ಎಚ್‌ಆರ್‌ನವರಿಂದ ಅದನ್ನು ಮಾಡಿಸಿ. ಇನ್ನೊಂದು ಸಮಾಧಾನದ ಸಂಗತಿ, ಕೆಲಸ ಬಿಟ್ಟ ಮರುದಿನವೇ ಇಎಸ್‌ಐ ಚಿಕಿತ್ಸೆ ನಿಲ್ಲುವುದಿಲ್ಲ. ಕಟ್ಟಿದ ವಂತಿಗೆಗೆ ಹೊಂದುವ ಭತ್ಯೆ ಅವಧಿ ಮುಗಿಯುವ ತನಕ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಬಾಗಿಲು ತೆರೆದಿರುತ್ತದೆ.

ಪಿಎಫ್ ವಿಷಯದಲ್ಲಿ ಒಂದೇ ಮಾತು. ಕೆಲಸದಲ್ಲಿದ್ದಾಗಲೇ ಶಾಶ್ವತವಾಗಿ, ಪೂರ್ತಿಯಾಗಿ ದುಡಿಯಲಾಗದ ಸ್ಥಿತಿಗೆ ಬಂದವರಿಗೆ 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಅಂಗವೈಕಲ್ಯ ಪಿಂಚಣಿ ಇದೆ. ಅದಕ್ಕೆ ಹತ್ತು ವರ್ಷದ ಸೇವೆ ಬೇಕಿಲ್ಲ. ಅರ್ಜಿ ಫಾರಂ 10ಡಿ, ವೈದ್ಯಕೀಯ ಮಂಡಳಿಯ ತಪಾಸಣೆ ಇರುತ್ತದೆ. ಸೈಬರ್ ಸೆಂಟರ್‌ನವರು ಅಭ್ಯಾಸಬಲದಿಂದ ಫಾರಂ 10ಸಿ ಹಾಕಿ ಪಿಂಚಣಿ ಭಾಗವನ್ನು ಒಂದೇ ಗಂಟಿಗೆ ತೆಗೆಸಿಬಿಡುತ್ತಾರೆ. ಹಾಗೆ ತೆಗೆದ ಮೇಲೆ ತಿಂಗಳ ಪಿಂಚಣಿಯ ದಾರಿ ಮುಚ್ಚಿಹೋಗುತ್ತದೆ.

ಇನ್ನು ಆಸ್ಪತ್ರೆಯ ಕಡೆ. 2018ರ ಮಾರ್ಚ್‌ನಲ್ಲಿ ಬಂದ ಆರೋಗ್ಯ ಕರ್ನಾಟಕವನ್ನು ಅದೇ ವರ್ಷದ ಅಕ್ಟೋಬರ್ ಕೊನೆಗೆ ಆಯುಷ್ಮಾನ್ ಭಾರತ್ ಜೊತೆ ಸೇರಿಸಿದರು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ (ಬಡತನ ರೇಖೆಗಿಂತ ಕೆಳಗಿನ) ರೇಷನ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ (ಆ ರೇಖೆಗಿಂತ ಮೇಲಿನ) ಆದರೆ ಪ್ಯಾಕೇಜ್ ದರದ, ಅಂದರೆ ಯೋಜನೆ ಆ ಚಿಕಿತ್ಸೆಗೆ ಗೊತ್ತುಮಾಡಿದ ದರದ, ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ಒಂದು ಲಕ್ಷದ ಪ್ಯಾಕೇಜ್ ಎಂದರೆ ಬಿಪಿಎಲ್‌ನವರು ಕೈಯಿಂದ ಏನೂ ಹಾಕಬೇಕಿಲ್ಲ, ಎಪಿಎಲ್‌ನವರು 70,000 ಹೊಂದಿಸಬೇಕು. ರೇಷನ್ ಕಾರ್ಡಿನ ಬಣ್ಣಕ್ಕೆ ಈ ಊರಿನಲ್ಲಿ ಜನ ಯಾಕೆ ಅಷ್ಟು ಅಂಜುತ್ತಾರೆ ಎಂಬುದಕ್ಕೆ ಈ ಒಂದು ಲೆಕ್ಕ ಸಾಕು.

ಈ ಕಾರ್ಡ್ ಮಾಡುವ ಕೆಲಸ ದೊಡ್ಡದು, ಆದರೆ ಅದನ್ನು ಬಳಸುವ ಕ್ರಮ ಬಿಗಿ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಆಗುವುದಿಲ್ಲ ಎಂದಾದಾಗ ಅವರು ಆನ್‌ಲೈನ್‌ನಲ್ಲಿ ರೆಫರಲ್ ಹಾಕುತ್ತಾರೆ. ಆಗಷ್ಟೇ ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆ. ತುರ್ತು ಚಿಕಿತ್ಸೆಗಳಿಗೆ ರೆಫರಲ್ ಬೇಡ, ನೇರ ಹೋಗಬಹುದು. ಜನ ಎಡವುವುದು ಇಲ್ಲಿಯೇ: ಖಾಸಗಿ ಆಸ್ಪತ್ರೆಯಲ್ಲಿ ಅಡ್ವಾನ್ಸ್ ಕಟ್ಟಿ ದಾಖಲಾಗಿ, ಮೂರನೇ ದಿನ ಕಾರ್ಡ್ ತೋರಿಸುತ್ತಾರೆ. ಇದು ನಗದುರಹಿತ ಯೋಜನೆ. ಕಟ್ಟಿದ ದುಡ್ಡನ್ನು ಆಮೇಲೆ ಬಿಲ್ ಕೊಟ್ಟು ವಾಪಸ್ ಪಡೆಯುವ ವ್ಯವಸ್ಥೆಯಲ್ಲ. ದಾಖಲಾಗುವ ಕೌಂಟರಿನಲ್ಲೇ ಆರೋಗ್ಯಮಿತ್ರ (ಆಸ್ಪತ್ರೆಯಲ್ಲಿರುವ ಯೋಜನೆಯ ಸಹಾಯಕರು) ಎಲ್ಲಿ ಕೂರುತ್ತಾರೆ ಎಂದು ಕೇಳಿ, ಅವರ ಕೈಗೆ ಕಾರ್ಡ್ ಕೊಟ್ಟು, ಟ್ರಸ್ಟಿನ ಮುಂಗಡ ಒಪ್ಪಿಗೆ ಬಂದಿದೆಯೇ ಎಂದು ಖಚಿತಪಡಿಸಿಕೊಂಡ ಮೇಲೆ ಮುಂದಿನ ಮಾತು. ಹೆಸರಿನ ಕಾಗುಣಿತದ ಕಾಟವೂ ಇದೆ. ಆಧಾರ್‌ನಲ್ಲಿ "ಲಕ್ಷ್ಮಮ್ಮ", ರೇಷನ್ ಕಾರ್ಡಿನಲ್ಲಿ "ಲಕ್ಷ್ಮೀದೇವಮ್ಮ" ಎಂದಿದ್ದರೆ ಒಪ್ಪಿಗೆ ತಡವಾಗುತ್ತದೆ. ಆರಾಮಾಗಿರುವಾಗ ತಿದ್ದಿಸಿಟ್ಟುಕೊಳ್ಳಿ.

ಬೆಂಗಳೂರಿನವರ ಪುಣ್ಯ ಎಂದರೆ ಈ ರೆಫರಲ್ ಎಷ್ಟೋ ಸಲ ಬೇಕಾಗುವುದೇ ಇಲ್ಲ. ಹೃದಯಕ್ಕೆ ಜಯದೇವ, ಕ್ಯಾನ್ಸರಿಗೆ ಕಿದ್ವಾಯಿ, ನರ ಮತ್ತು ಮನಸ್ಸಿಗೆ ನಿಮ್ಹಾನ್ಸ್, ಕಿಡ್ನಿಗೆ ವಿಕ್ಟೋರಿಯಾ ಆವರಣದ ನೆಫ್ರೋ-ಯುರಾಲಜಿ ಸಂಸ್ಥೆ, ಎಲ್ಲವೂ ಊರೊಳಗೇ ಇವೆ. ಚಿಕಿತ್ಸೆಯ ಗುಣಮಟ್ಟದಲ್ಲಿ ಇವಕ್ಕೆ ಕೊರತೆ ಹೇಳುವಂತಿಲ್ಲ, ಬೆಲೆ ತೆರಬೇಕಾದ್ದು ಸಮಯದಲ್ಲಿ. ಹೊರರೋಗಿ ಚೀಟಿಗೆ ಬೆಳಗಾಗುವ ಮೊದಲೇ ಸಾಲು ಹತ್ತಬೇಕು. ಹಳೆಯ ರಿಪೋರ್ಟುಗಳನ್ನು ತಾರೀಖಿನ ಕ್ರಮದಲ್ಲಿ ಒಂದೇ ಫೈಲಿನಲ್ಲಿಟ್ಟು, ಮೇಲಿನ ಹಾಳೆಯಲ್ಲಿ ಈಗ ನುಂಗುತ್ತಿರುವ ಮಾತ್ರೆಗಳ ಹೆಸರು, ಮಿಲಿಗ್ರಾಂ, ಹೊತ್ತು ಬರೆದುಕೊಂಡು ಹೋಗಿ. ವೈದ್ಯರಿಗೆ ನಿಮ್ಮ ಮೇಲೆ ಕೊಡಲು ಕೆಲವೇ ನಿಮಿಷ ಇರುತ್ತದೆ, ಆ ನಿಮಿಷಗಳು ಫೈಲ್ ಹುಡುಕುವುದರಲ್ಲಿ ಕಳೆಯಬಾರದು.

ಬಿಪಿಎಲ್ ಕಾರ್ಡಿಗೆ ವರ್ಷದ ಆದಾಯ 1.20 ಲಕ್ಷ ರೂಪಾಯಿ ಮೀರಬಾರದು, ಮನೆಯಲ್ಲಿ ಆದಾಯ ತೆರಿಗೆ ಕಟ್ಟುವವರು ಇರಬಾರದು, ಸ್ವಂತ ಬಳಕೆಯ ಕಾರು ಇರಬಾರದು. ಕೆಲಸವಿದ್ದಾಗ ತೆರಿಗೆ ಕಟ್ಟಿದವರು, ಸಾಲಕ್ಕೆಂದು ರಿಟರ್ನ್ ಹಾಕಿದವರು ಈಗ ಕೈಬರಿದಾದರೂ ದಾಖಲೆಯಲ್ಲಿ ಉಳ್ಳವರಾಗಿಯೇ ಉಳಿಯುತ್ತಾರೆ. 2024ರ ನವೆಂಬರ್‌ನಲ್ಲಿ ಕಾರ್ಡುಗಳ ಪರಿಷ್ಕರಣೆ ನಡೆದಾಗ ಅರ್ಹರ ಕಾರ್ಡುಗಳೂ ಎಪಿಎಲ್‌ಗೆ ಬಿದ್ದು, ಗಲಾಟೆಯಾದ ಮೇಲೆ ಸರ್ಕಾರ ಸರಿಪಡಿಸಲು ಹೊರಟಿತು. ಕಾರ್ಡ್ ಬದಲಾಗಿದೆಯೇ ಎಂದು ಆಹಾರ ಇಲಾಖೆಯ ವೆಬ್‌ಸೈಟಿನಲ್ಲಿ ಎರಡು ತಿಂಗಳಿಗೊಮ್ಮೆ ನೋಡಿಕೊಳ್ಳಿ, ಆಸ್ಪತ್ರೆ ಕೌಂಟರಿನಲ್ಲಿ ತಿಳಿಯುವುದಕ್ಕಿಂತ ಅದು ಲೇಸು. ಹೊಸ ಕಾರ್ಡಿನ ಅರ್ಜಿ ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ. ತುರ್ತು ಚಿಕಿತ್ಸೆಯ ಕಾರಣ ಇದ್ದರೆ ವೈದ್ಯರ ದಾಖಲೆಯೊಂದಿಗೆ ಬೇರೆಯಾಗಿ ಪರಿಗಣಿಸುತ್ತಾರೆ, ಸಹಾಯವಾಣಿ 1967ರಲ್ಲಿ ವಿಚಾರಿಸಬಹುದು.

ಪಿಂಚಣಿಯದು ಸಣ್ಣ ಮೊತ್ತ. ಶೇ. 40ರಿಂದ ಮೇಲೆ ಅಂಗವೈಕಲ್ಯ ಇದ್ದರೆ ತಿಂಗಳಿಗೆ 800, ಶೇ. 75 ದಾಟಿದರೆ 1,400. 65 ದಾಟಿದವರಿಗೆ ಸಂಧ್ಯಾ ಸುರಕ್ಷಾದಲ್ಲಿ 1,200. ಮನೆಯ ಯಜಮಾನಿಗೆ ಗೃಹಲಕ್ಷ್ಮಿಯ 2,000 ಎಪಿಎಲ್ ಕಾರ್ಡಿಗೂ ಉಂಟು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ವೈಕಲ್ಯಗಳನ್ನು ಹೆಸರಿಸಿದೆ. ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್, ಹಿಮೋಫಿಲಿಯಾ, ಥಲಸ್ಸೇಮಿಯಾ, ಮಾನಸಿಕ ಕಾಯಿಲೆ ಅದರಲ್ಲಿವೆ. ಕಿಡ್ನಿ ವೈಫಲ್ಯ, ಹೃದಯದ ಕಾಯಿಲೆ ಇಲ್ಲ. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುವ ಮನುಷ್ಯ ಯಾವ ಪಾಳಿಗೆ ಹೋದಾನು? ಆ ಪಟ್ಟಿಯಿಂದ ಅವನನ್ನು ಹೊರಗಿಟ್ಟದ್ದು ಅನ್ಯಾಯ ಎಂದೇ ಹೇಳಬೇಕು. ರುಮಟಾಯ್ಡ್ ಸಂಧಿವಾತದವರು ಕಾಯಿಲೆಯ ಹೆಸರಿನಲ್ಲಿ ಕೇಳದೆ, ಕೀಲು ಮಡಿಸಲಾಗದ ಚಲನ ವೈಕಲ್ಯ ಎಂದು ತಪಾಸಣೆ ಮಾಡಿಸಿಕೊಳ್ಳಬೇಕು.

ಪಿಂಚಣಿ ಅರ್ಜಿ ತಿರಸ್ಕಾರವಾಗಲು ದೊಡ್ಡ ಕಾರಣ ಆದಾಯ ಪ್ರಮಾಣಪತ್ರ. ರೇಷನ್ ಕಾರ್ಡಿಗೆ 1.20 ಲಕ್ಷ ಇದ್ದರೂ ನಡೆಯುತ್ತದೆ, ಪಿಂಚಣಿಗೆ ವರ್ಷಕ್ಕೆ 32,000 ದಾಟುವಂತಿಲ್ಲ. ಸಂಬಳ ಇದ್ದ ಕಾಲದಲ್ಲಿ ಮಾಡಿಸಿದ ಹಳೆಯ ಪತ್ರಕ್ಕೆ ಐದು ವರ್ಷ ಮಾನ್ಯತೆ ಇದೆಯೆಂದು ಅದನ್ನೇ ಲಗತ್ತಿಸಿದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಕೆಲಸ ಹೋದದ್ದಕ್ಕೆ ಕಂಪನಿಯ ಪತ್ರ ಅಥವಾ ಸಂಬಳ ನಿಂತ ಬ್ಯಾಂಕ್ ಪಾಸ್‌ಬುಕ್ ಇಟ್ಟು ನಾಡಕಚೇರಿಯಲ್ಲಿ ಹೊಸದಕ್ಕೆ ಅರ್ಜಿ ಹಾಕಿ. ಗ್ರಾಮ ಆಡಳಿತಾಧಿಕಾರಿ (ಹಿಂದೆ ಗ್ರಾಮಲೆಕ್ಕಿಗರು ಎನ್ನುತ್ತಿದ್ದರು) ವಿಚಾರಣೆಗೆ ಬಂದಾಗ ಮನೆಯಲ್ಲಿ ಯಾರಾದರೂ ಇರಬೇಕು. ಸ್ವೀಕೃತಿಯಲ್ಲಿರುವ ಸಕಾಲ (ಗಡುವಿನೊಳಗೆ ಸೇವೆ ಕೊಡಬೇಕೆಂಬ ಕಾನೂನು) ಸಂಖ್ಯೆಯನ್ನು ಎಸೆಯಬೇಡಿ. ಗಡುವು ಮೀರಿದರೆ ಮೇಲ್ಮನವಿಗೆ ಅದೇ ಆಧಾರ. ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರವೂ ಕಾನೂನಿನಲ್ಲಿದೆ.

ಹಣ ಮಂಜೂರಾಗಿಯೂ ಕೈಗೆ ಬಾರದಿರುವುದಕ್ಕೆ ಎರಡು ಕಾರಣ ಪದೇ ಪದೇ ಕಾಣುತ್ತವೆ. ನೇರ ವರ್ಗಾವಣೆಯ ಹಣ ಹೋಗುವುದು ಕೊನೆಯದಾಗಿ ಆಧಾರ್ ಜೋಡಿಸಿದ ಖಾತೆಗೆ, ಅರ್ಜಿಯಲ್ಲಿ ಬರೆದ ಖಾತೆಗಲ್ಲ. ಅದು ಹಳೆಯ ಸಂಬಳದ ಖಾತೆಯಾಗಿದ್ದರೆ, ಸಂಬಳ ನಿಂತ ಕೆಲವು ತಿಂಗಳಿಗೆ ಬ್ಯಾಂಕು ಅದನ್ನು ಸಾಮಾನ್ಯ ಉಳಿತಾಯ ಖಾತೆ ಮಾಡಿ ಕನಿಷ್ಠ ಶಿಲ್ಕು ಇಲ್ಲವೆಂದು ದಂಡ ಹಾಕಬಹುದು. ಬಂದ 800ರಲ್ಲಿ ಒಂದಷ್ಟು ಹಾಗೇ ಕರಗಬಹುದು. ಜನಧನ್ ಖಾತೆ ತೆರೆದು ಆಧಾರ್ ಅದಕ್ಕೆ ಜೋಡಿಸಿ. ಎರಡನೆಯದು ಬೆರಳಚ್ಚು. ಕೆಪಿಸಿಟಬಿನ್ ಎಂಬ ಕ್ಯಾನ್ಸರ್ ಮಾತ್ರೆ ನುಂಗುವವರಲ್ಲಿ ಅಂಗೈ ಅಂಗಾಲು ಕೆಂಪಾಗಿ ಸುಲಿದು ಬೆರಳಿನ ಗೆರೆಗಳೇ ಅಳಿಸಿಹೋಗಬಹುದು. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಯಂತ್ರ ಒಪ್ಪುವುದಿಲ್ಲ. ಕೀಮೋ ಶುರುವಾಗುವ ಮೊದಲೇ ಆಧಾರ್ ಸೇವಾ ಕೇಂದ್ರದಲ್ಲಿ ಈಗ ಬಳಸುವ ಮೊಬೈಲ್ ನಂಬರ್ ಜೋಡಿಸಿ, ಕಣ್ಣಿನ ಪಾಪೆಯ ಗುರುತು ಸರಿಯಿದೆಯೇ ನೋಡಿಸಿಕೊಂಡರೆ ಮುಂದೆ ಒಟಿಪಿಯ ದಾರಿಯಾದರೂ ಉಳಿಯುತ್ತದೆ.

ಕೊನೆಯದು ಔಷಧ, ತಿಂಗಳು ತಿಂಗಳು ಬಿಡದ ಖರ್ಚು. ಆರೋಗ್ಯ ಕಾರ್ಡ್ ಹೊರರೋಗಿಯ ಮಾತ್ರೆಗೆ ಬರುವುದಿಲ್ಲ. ಸರ್ಕಾರಿ ಆಸ್ಪತ್ರೆಯ ಔಷಧ ಕೌಂಟರಿನಲ್ಲಿ ಮೊದಲು ಕೇಳಿ, ಅಲ್ಲಿ ಇಲ್ಲದ್ದನ್ನು ಜನೌಷಧಿಯಲ್ಲಿ ಕೊಳ್ಳಿ. ಬ್ರಾಂಡ್ ಮಾತ್ರೆಗಿಂತ ಶೇ. 50ರಿಂದ 90ರಷ್ಟು ಕಡಿಮೆ ಎಂಬ ಮಾತು ಬಿಪಿ, ಸಕ್ಕರೆ, ಕೊಲೆಸ್ಟರಾಲ್ ಮಾತ್ರೆಗಳಲ್ಲಿ ಎದ್ದು ಕಾಣುತ್ತದೆ. 2025ರ ಮೇ ತಿಂಗಳಲ್ಲಿ ಸರ್ಕಾರಿ ಆಸ್ಪತ್ರೆ ಆವರಣದ ಕೇಂದ್ರಗಳನ್ನು ಮುಚ್ಚಿಸಲು ರಾಜ್ಯ ಸರ್ಕಾರ ಆದೇಶ ಹೊರಡಿಸಿ, ವಿಷಯ ಹೈಕೋರ್ಟಿಗೆ ಹೋಯಿತು. ಆದ್ದರಿಂದ ಆಸ್ಪತ್ರೆಯ ಒಳಗಿನ ಅಂಗಡಿಯೊಂದನ್ನೇ ನಂಬದೆ ಮನೆ ಹತ್ತಿರದ್ದನ್ನು ಜನೌಷಧಿ ಸುಗಮ್ ಆ್ಯಪ್‌ನಲ್ಲಿ ಹುಡುಕಿಟ್ಟುಕೊಳ್ಳಿ. ಆ್ಯಪ್‌ನಲ್ಲಿ ಬೆಲೆ ಸರಿಯಾಗಿ ಸಿಗುತ್ತದೆ. ದಾಸ್ತಾನು ಇದೆಯೋ ಇಲ್ಲವೋ ಎಂಬುದಕ್ಕೆ ಫೋನ್ ಮಾಡುವುದೇ ವಾಸಿ, ಮಾಲು ಬಾರದೆ ವಾರಗಟ್ಟಲೆ ಇಲ್ಲದಿರುವುದು ಈ ಅಂಗಡಿಗಳ ನಿಜವಾದ ದೋಷ.

ಚೀಟಿಯಲ್ಲಿ ಬ್ರಾಂಡ್ ಹೆಸರಿದ್ದರೆ ಹಳೆಯ ಸ್ಟ್ರಿಪ್ಪನ್ನೇ ತೆಗೆದುಕೊಂಡು ಹೋಗಿ. ದೊಡ್ಡ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಮೂಲ ಔಷಧದ ಹೆಸರಿರುತ್ತದೆ, ಅದನ್ನು ಪೂರ್ತಿ ಓದಿ ಹೊಂದಿಸಬೇಕು. ಮೆಟ್‌ಫಾರ್ಮಿನ್ 500 ಬೇರೆ, ಮೆಟ್‌ಫಾರ್ಮಿನ್ 500 ಎಸ್‌ಆರ್ ಬೇರೆ. ಎಸ್‌ಆರ್ ನಿಧಾನವಾಗಿ ಕರಗುವಂಥದ್ದು, ಅದನ್ನು ಮುರಿದು ನುಂಗಬಾರದು. ಟೆಲ್ಮಿಸಾರ್ಟಾನ್ 40 ಎಂದು ಕೇಳಿದಾಗ ಟೆಲ್ಮಿಸಾರ್ಟಾನ್ 40 ಜೊತೆ ಹೈಡ್ರೋಕ್ಲೋರೋಥಯಜೈಡ್ ಸೇರಿದ್ದು ಕೈಗೆ ಬಂದರೆ, ಅದರಲ್ಲಿ ನೀರಿಳಿಸುವ ಔಷಧವೂ ಇದೆ ಎಂದರ್ಥ. ಕೆಲವು ಸ್ಟ್ರಿಪ್ಪಿನಲ್ಲಿ 10, ಕೆಲವದರಲ್ಲಿ 15 ಮಾತ್ರೆ. "ಮೂರು ಸ್ಟ್ರಿಪ್ ಕೊಡಿ" ಎನ್ನುವ ಬದಲು ದಿನಗಳ ಲೆಕ್ಕ ಹೇಳಿ ಕೊಳ್ಳಿ. ಥೈರಾಯ್ಡ್ ಮಾತ್ರೆ ಥೈರಾಕ್ಸಿನ್‌ನ ತಯಾರಕರನ್ನು ಬದಲಿಸಿದರೆ ಆರರಿಂದ ಎಂಟು ವಾರಕ್ಕೆ ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಬೇಕು. ಮೂರ್ಛೆರೋಗದ ಫೆನಿಟಾಯಿನ್, ಕಿಡ್ನಿ ಕಸಿಯಾದವರ ಟ್ಯಾಕ್ರೊಲಿಮಸ್, ರಕ್ತ ತೆಳುಮಾಡುವ ವಾರ್ಫರಿನ್ ಇವನ್ನು ಬೆಲೆ ನೋಡಿ ಬದಲಿಸಬೇಡಿ, ವೈದ್ಯರನ್ನು ಕೇಳದೆ ಮುಟ್ಟಲೇಬೇಡಿ. ಈ ಔಷಧಗಳ ಪ್ರಮಾಣ ರಕ್ತದಲ್ಲಿ ತುಸು ಏರಿಳಿದರೂ ಅಪಾಯ.

ಇನ್ಸುಲಿನ್‌ನಲ್ಲಿ ಆಗುವ ಒಂದು ತಪ್ಪನ್ನು ಬಿಡಿಸಿ ಹೇಳಬೇಕು. ನಮ್ಮಲ್ಲಿ ಆಸ್ಪತ್ರೆಯಿಂದ ಕೊಡುವ ಸೀಸೆ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್‌ನದು. ಅದಕ್ಕೆ ಕೆಂಪು ಮುಚ್ಚಳದ ಯು-40 ಸಿರಿಂಜ್. ಪೆನ್ನಿನ ಕಾರ್ಟ್ರಿಜ್‌ನಲ್ಲಿ 100 ಯೂನಿಟ್. ಕಿತ್ತಳೆ ಮುಚ್ಚಳದ ಯು-100 ಸಿರಿಂಜಿನಲ್ಲಿ 40ರ ಸೀಸೆಯಿಂದ 20ರ ಗೆರೆವರೆಗೆ ಎಳೆದರೆ ಮೈಗೆ ಹೋಗುವುದು 8 ಯೂನಿಟ್ ಮಾತ್ರ. ಸಕ್ಕರೆ ಇಳಿಯುತ್ತಿಲ್ಲವೆಂದು ವೈದ್ಯರು ಪ್ರಮಾಣ ಏರಿಸುತ್ತಾರೆ, ಮುಂದೆ ಸರಿಯಾದ ಸಿರಿಂಜ್ ಸಿಕ್ಕ ದಿನ ಸಕ್ಕರೆ ಪಾತಾಳಕ್ಕೆ ಬೀಳುತ್ತದೆ. ಸೀಸೆಯ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ ಎರಡೂ ಒಂದೇ ಎಂದು ಅಂಗಡಿಯಲ್ಲೇ ಕಣ್ಣಾರೆ ನೋಡಿ ತನ್ನಿ. ತೆರೆಯದ ಸೀಸೆಯನ್ನು ಮನೆಗೆ ತರುವಾಗ ಐಸ್‌ಗೆ ನೇರ ತಾಗಿಸಬಾರದು, ಹೆಪ್ಪುಗಟ್ಟಿದರೆ ಕೆಟ್ಟಿತು. ಬಟ್ಟೆಯಲ್ಲಿ ಸುತ್ತಿ ತಂದು ಫ್ರಿಜ್ಜಿನ ಬಾಗಿಲಿನಲ್ಲಿಡಿ, ಫ್ರೀಜರಿನಲ್ಲಲ್ಲ. ತೆರೆದ ದಿನದ ತಾರೀಖನ್ನು ಪೆನ್ನಿನಿಂದ ಸೀಸೆಯ ಮೇಲೇ ಬರೆದು, 28 ದಿನ ಆದ ಮೇಲೆ ಉಳಿದದ್ದನ್ನು ಚೆಲ್ಲಿಬಿಡಿ. ಮುಂದಿನ ಸೀಸೆಗೆ ಈಗಿನದು ಮುಗಿಯಲು ಒಂದು ವಾರ ಇರುವಾಗಲೇ ಫೋನ್ ಮಾಡಿ.